ಕಡಲಿನ ತೆರೆಯೂ ಬಯಲುಸೀಮೆಯ ಮಕ್ಕಳೂ

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಂತಹ ಊರಿನ ವಾಚಕರ ಮುಂದೆ ಕಡಲಿನ ತೆರೆಗಳ ಪ್ರಸ್ತಾಪವನ್ನು ತೆಗೆಯುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಮಳೆಯ ಮೋಡಕ್ಕಾಗಿ ಆಕಾಶವನ್ನು ನೋಡುತ್ತ ಕುಳಿತ ಆ ಸೀಮೆಗೂ ಪಡುವಣ ಕಡಲಿಗೂ ನಡುವೆ ಇನ್ನೂರು ಮೈಲಿಗೆ ಮಿಕ್ಕ ದಾರಿಯೂ ಸಹ್ಯಾದ್ರಿಯ ಘಟ್ಟವೂ ಇರುವುವು. ಮಧುಗಿರಿ, ಶಿರಾ, ಕೊರಟಗೆರೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಹೀಗಿದ್ದರೂ ಈ ದಿನ ನಾವು ಮೂಲ್ಕಿಯ ಸಮೀಪದ ಸಸಿಹಿತ್ಲಿನ ತೆರೆಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ತೊಡಗಿರುವೆವು. ಕಾರಣವಿಷ್ಟೆ: ಕಡಲ ತಡಿಯಲ್ಲಿ ಹುಟ್ಟಿ ಬೆಳೆದ ಮಗುವಿಗಿಂತಲೂ ಕಡಲನ್ನೇ ಕಾಣದ ಮಗುವಿಗೆ ಈ ವಿಚಾರವು ಹೆಚ್ಚು ಅವಶ್ಯಕವಾಗಿರುವುದು.

ಮಂಗಳೂರಿನ ಉತ್ತರಕ್ಕೆ, ನಂದಿನೀ ಶಾಂಭವೀ ನದಿಗಳು ಕಡಲನ್ನು ಸೇರುವ ಅಳಿವೆಯ ಬಳಿ ಸಸಿಹಿತ್ಲೆಂಬ ಮೀನುಗಾರರ ಗ್ರಾಮವಿರುವುದು. ಮಲ್ಪೆ, ಪಣಂಬೂರುಗಳಲ್ಲಿ ಕಾಣುವ ಜನಸಂದಣಿ ಇಲ್ಲಿಲ್ಲ. ವರ್ಷದ ಬಹುಭಾಗ ಇದು ಪ್ರಶಾಂತವಾದ ಸ್ಥಳವೇ ಸರಿ. ಈ ಪ್ರಾಂತದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಎಂಬ ಸಂಸ್ಥೆಯು ಸ್ಥಾಪಿತವಾಗಿ, ಹಲಗೆಯ ಮೇಲೆ ನಿಂತು ತೆರೆಯನ್ನೇರಿ ದಡದ ಕಡೆಗೆ ಬರುವ ಸರ್ಫಿಂಗ್ ಎಂಬ ಆಟವನ್ನು ನಮ್ಮ ಹುಡುಗರಿಗೆ ಕಲಿಸತೊಡಗಿತು. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಎಂಬ ರಾಷ್ಟ್ರಮಟ್ಟದ ಪಂದ್ಯಗಳು ನಡೆದುವು; 2024 ಮತ್ತು 2025ರಲ್ಲಿಯೂ ಅದೇ ಮರಳಿನ ಮೇಲೆ ಜರುಗಿದುವು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನವು ದೊರೆಯಿತು. 2025ರ ಆಗಸ್ಟ್ ತಿಂಗಳಿನಲ್ಲಿ ಮಹಾಬಲಿಪುರದ ಏಷ್ಯಾ ಪಂದ್ಯಗಳಲ್ಲಿ ಕರ್ನಾಟಕದ ರಮೇಶ್ ಬುದಿಹಾಳರು ಕಂಚಿನ ಪದಕವನ್ನು ಗಳಿಸಿದರು. ಇವೆಲ್ಲವೂ ಕನ್ನಡಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿಗಳೇ. ಆದರೆ ಪದಕಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ವಸ್ತು ಅಲ್ಲಿರುವುದು. ಅದು ಕಡಲನ್ನು ಓದುವ ವಿದ್ಯೆ.

ಈ ಆಟಗಾರರು ಬಂದೊಡನೆಯೇ ನೀರಿಗಿಳಿಯುವುದಿಲ್ಲ. ಮೊದಲು ದಡದಲ್ಲಿ ನಿಂತು ಕಡಲನ್ನು ನೋಡುವರು. ದಕ್ಷಿಣ ಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ತೆರೆಗಳು ಸಾವಿರಾರು ಮೈಲಿಗಳನ್ನು ದಾಟಿ ಬಂದು ನಮ್ಮ ಕರಾವಳಿಯನ್ನು ಮುಟ್ಟುವುವು. ಎರಡು ತೆರೆಗಳ ನಡುವಣ ಅವಧಿಯು ದೀರ್ಘವಾದಷ್ಟೂ ಅವುಗಳ ಬಲ ಹೆಚ್ಚು. ಬೆಳಗಿನ ವೇಳೆ ನೆಲದಿಂದ ಕಡಲಿಗೆ ಬೀಸುವ ಗಾಳಿಯು ತೆರೆಯ ಮೈಯನ್ನು ನಯಮಾಡುವುದು. ಮಧ್ಯಾಹ್ನದ ಕಡಲಗಾಳಿಯು ಅದನ್ನು ಕದಡುವುದು. ಇಲ್ಲಿ ತೆರೆಯು ಬಂಡೆಯ ಮೇಲೆ ಒಡೆಯದೆ, ನೀರಿನ ಅಡಿಯ ಮರಳದಿಬ್ಬದ ಮೇಲೆ ಒಡೆಯುವುದು. ಆ ದಿಬ್ಬವಾದರೋ ಸ್ಥಿರವಾದುದಲ್ಲ. ಮಳೆಗಾಲದ ಕಡಲೂ ನದಿಯ ಪ್ರವಾಹವೂ ಅದನ್ನು ಸರಿಸುತ್ತಲೇ ಇರುವುವು. ಜೂನ್, ಜುಲೈ ತಿಂಗಳುಗಳಲ್ಲಿ ಕಡಲು ರೌದ್ರವಾಗಿರುವುದು. ಯಂತ್ರದ ದೋಣಿಗಳ ಮೀನುಗಾರಿಕೆಯೂ ಆಗ ನಿಷಿದ್ಧ. ಮಳೆಗಾಲ ಕಳೆದ ಮೇಲೆ ತೆರೆಗಳು ಕ್ರಮಕ್ಕೆ ಬರುವುವು. ಚಳಿಗಾಲದ ಸಣ್ಣ ತೆರೆಗಳು ಹೊಸದಾಗಿ ಕಲಿಯುವವರಿಗೆ ಅನುಕೂಲ.

ಇನ್ನು ಮುಖ್ಯವಾದ ಮಾತಿಗೆ ಬರುವೆವು. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಿ ಹೋಗಲೇಬೇಕಷ್ಟೆ. ಅದು ಎರಡು ಮರಳದಿಬ್ಬಗಳ ನಡುವಣ ಓಣಿಯನ್ನು ಹುಡುಕಿ, ಕಾಲುವೆಯಂತೆ ಕಡಲಿನತ್ತ ಹರಿಯುವುದು. ಓಣಿಯಲ್ಲಿ ನೀರು ಆಳವಾದುದರಿಂದ ಅಲ್ಲಿ ತೆರೆಯು ಅಷ್ಟಾಗಿ ಒಡೆಯುವುದಿಲ್ಲ. ಎಡಬಲಗಳಲ್ಲಿ ಬಿಳಿಯ ನೊರೆಯು ಭೋರ್ಗರೆಯುತ್ತಿರಲು, ನಡುವಣ ಆ ಪಟ್ಟಿಯು ಮಾತ್ರ ನಮ್ಮೂರ ಕೆರೆಯ ನೀರಿನಂತೆ ಶಾಂತವಾಗಿ ಕಾಣುವುದು. ಕಡಲನ್ನು ಅರಿಯದವನು ಇದೇ ಕ್ಷೇಮದ ಸ್ಥಳವೆಂದು ಭಾವಿಸಿ ಅಲ್ಲಿಯೇ ಇಳಿಯುವನು. ಅಲ್ಲಿನ ಸೆಳವು ಅವನನ್ನು ಒಳಗೆ ಒಯ್ಯುವುದು. ಪ್ರಬಲವಾದಾಗ ಅದರ ವೇಗವು ನುರಿತ ಈಜುಗಾರನ ಶಕ್ತಿಯನ್ನೂ ಮೀರುವುದು. ವಿಚಿತ್ರವೇನೆಂದರೆ, ಸರ್ಫಿಂಗ್ ಬಲ್ಲವನು ಆ ಸೆಳವನ್ನೇ ಬಂಡಿಯನ್ನಾಗಿ ಮಾಡಿಕೊಂಡು, ಆಯಾಸವಿಲ್ಲದೆ ತೆರೆಗಳಾಚೆಗೆ ಹೋಗುವನು. ಒಂದೇ ನೀರು, ಅರಿತವನಿಗೆ ದಾರಿ, ಅರಿಯದವನಿಗೆ ಮೃತ್ಯು.

ಇದು ಬರಿಯ ಉತ್ಪ್ರೇಕ್ಷೆಯ ಮಾತಲ್ಲ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಮಡಿದರು. ಮುಳಬಾಗಿಲು ಎಂತಹ ಸೀಮೆಯೆಂಬುದನ್ನು ಪಾವಗಡದವರಿಗೆ ವಿವರಿಸಬೇಕಾಗಿಲ್ಲ. ತುಂಬು ಹೊಳೆಯನ್ನು ಕಾಣದ ಊರುಗಳ ಆ ಮಕ್ಕಳು ಕಡಲನ್ನು ಕಂಡು ಹಿಗ್ಗಿದುದು ತಪ್ಪೇ? ಅನಂತರ ಶಿಕ್ಷಕರ ಮೇಲೆ ಮೊಕದ್ದಮೆಯಾಯಿತು. ಮೃತರ ಕುಟುಂಬಗಳಿಗೆ ಪರಿಹಾರಧನವು ಘೋಷಿತವಾಯಿತು. ಕಡಲತೀರವನ್ನು ಕೆಲವು ದಿನ ಮುಚ್ಚಿದ್ದೂ ಆಯಿತು. ಆದರೆ ಮಡಿದವರನ್ನು ಯಾವ ಪರಿಹಾರವೂ ಹಿಂದಕ್ಕೆ ತರಲಾರದು. ಅನಾಹುತವಾದ ಮೇಲೆ ತೋರುವ ಉತ್ಸಾಹದ ಕಾಲುಪಾಲನ್ನಾದರೂ ಮುಂಚಿತವಾಗಿ ತೋರಬಾರದೇ ಎಂಬುದೇ ನಮ್ಮ ಪ್ರಶ್ನೆ.

‘ಅಪಾಯ, ನೀರಿಗೆ ಇಳಿಯಬಾರದು’ ಎಂಬ ಹಲಗೆಯನ್ನು ನೆಟ್ಟಿರುವೆವಲ್ಲ ಎಂದು ಅಧಿಕಾರಿವರ್ಗದವರು ಉತ್ತರ ಹೇಳಬಹುದು. ಆ ಹಲಗೆಯು ಕದಲದೆ ನಿಂತಿರುವುದು ನಿಜ. ಅದರ ಎದುರಿನ ಮರಳದಿಬ್ಬವು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ನಿನ್ನೆ ಮಕ್ಕಳು ಆಡಿದ ಜಾಗದಲ್ಲಿ ನಾಳೆ ಸೆಳವು ಹುಟ್ಟಬಹುದು. ವರ್ಷದ ಎಲ್ಲ ದಿನಗಳಲ್ಲಿಯೂ ಒಂದೇ ಮಾತನ್ನು ಹೇಳುವ ಹಲಗೆಯನ್ನು ಜನರು ಕ್ರಮೇಣ ಓದದೆಯೇ ಬಿಡುವರು. ಆದುದರಿಂದ ಪ್ರತಿದಿನವೂ ಬೆಳಗ್ಗೆ ಕಡಲನ್ನು ನೋಡಿ, ಆ ದಿನದ ಸ್ಥಿತಿಯನ್ನು ಅಚ್ಚಗನ್ನಡದಲ್ಲಿ ಬರೆದು ತಿಳಿಸುವ ಮನುಷ್ಯನೊಬ್ಬನು ಬೇಕು. ಅಪಾಯದ ದಿನ ಕೆಂಪು ಬಾವುಟ, ಕಾವಲಿರುವ ಎಡೆಯಲ್ಲಿ ಕೆಂಪು ಹಳದಿಯ ಬಾವುಟ ಎಂಬ ಪದ್ಧತಿಯು ಹಲವು ದೇಶಗಳಲ್ಲಿ ರೂಢಿಯಲ್ಲಿರುವುದು. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಭಾರತ ಸರ್ಕಾರದ ಸಾಗರ ಮಾಹಿತಿ ಸೇವಾ ಕೇಂದ್ರವು ತೆರೆಯ ಎತ್ತರವನ್ನೂ ಬಲವನ್ನೂ ಕುರಿತು ಮುನ್ಸೂಚನೆಗಳನ್ನು ಪ್ರಕಟಿಸುತ್ತಿರುವುದು. ಅದನ್ನು ಮರಳಿನ ಮೇಲೆ ನಿಂತ ಯಾತ್ರಿಕನ ಕಿವಿಗೆ ಮುಟ್ಟಿಸುವುದೊಂದೇ ಉಳಿದಿರುವ ಕೆಲಸ.

ಈ ಕೆಲಸಕ್ಕೆ ತಕ್ಕವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತಲೆತಲಾಂತರದಿಂದ ಕಡಲನ್ನು ಅರಿತ ಮೊಗವೀರರ ಮಕ್ಕಳೂ, ಮೂಲ್ಕಿ ಸಸಿಹಿತ್ಲುಗಳಲ್ಲಿ ತೆರೆಯನ್ನೇರಲು ಕಲಿತ ತರುಣರೂ ನಮ್ಮಲ್ಲಿಯೇ ಇರುವರು. ಅವರಿಗೆ ಪ್ರಾಣರಕ್ಷಣೆಯ ಶಿಕ್ಷಣವನ್ನು ಕೊಟ್ಟು, ಖಾಯಂ ನೌಕರಿಯನ್ನೂ ತಕ್ಕ ಸಂಬಳವನ್ನೂ ಕೊಟ್ಟು ಯಾತ್ರಿಕರು ಸೇರುವ ಪ್ರತಿಯೊಂದು ತೀರದಲ್ಲಿಯೂ ನೇಮಿಸತಕ್ಕದ್ದು. ತಾತ್ಕಾಲಿಕ ಏರ್ಪಾಡುಗಳಿಂದ ಶಾಶ್ವತವಾದ ಕಡಲನ್ನು ಕಾಯಲಾಗದು.

ಎರಡನೆಯ ಹೊಣೆಯು ನಮ್ಮ ಕಡೆಯದು. ಶಾಲೆಯ ಪ್ರವಾಸಕ್ಕೆ ವಿದ್ಯಾ ಇಲಾಖೆಯವರು ಅನುಮತಿಯನ್ನು ಕೊಡುವ ಮುನ್ನ, ಮಕ್ಕಳಿಗೆ ಒಂದು ಗಂಟೆಯ ಪಾಠವಾಗಿರಬೇಕೆಂಬ ನಿಯಮವನ್ನು ಮಾಡಲಿ. ಆ ಪಾಠವು ಕಷ್ಟವಾದುದೇನೂ ಅಲ್ಲ. ನೊರೆಯಿಲ್ಲದ ನೀರನ್ನು ನಂಬಬಾರದು. ಕಾವಲಿಲ್ಲದ ಎಡೆಯಲ್ಲಿ ಇಳಿಯಬಾರದು. ಸೆಳವಿಗೆ ಸಿಕ್ಕಿದರೆ ಅದಕ್ಕೆ ಇದಿರಾಗಿ ದಡದ ಕಡೆಗೆ ಹೋರಾಡಬಾರದು. ಗಾಬರಿಪಡದೆ ತೇಲುತ್ತ, ಕೈಯೆತ್ತಿ ಕೂಗಿ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನ ಪಕ್ಕಕ್ಕೆ ಬರಬೇಕು. ಮುಳುಗುವವನನ್ನು ಹಿಡಿಯಲು ಬರಿಗೈಯಲ್ಲಿ ಹಾರದೆ, ತೇಲುವ ವಸ್ತುವನ್ನೆಸೆದು ಸಹಾಯಕ್ಕೆ ಕೂಗಬೇಕು. ಇಷ್ಟನ್ನು ಕ್ಯಾತಗಾನಚೆರ್ಲಿನ ಹುಡುಗಿಯೂ ಬಾಯಿಪಾಠ ಮಾಡಬಲ್ಲಳು. ಜೊತೆಗೆ, ಕೆರೆಯಲ್ಲಿ ನೀರಿಲ್ಲದುದರಿಂದ ಈಜನ್ನೇ ಕಲಿಯದೆ ಬೆಳೆಯುತ್ತಿರುವ ನಮ್ಮ ತಾಲ್ಲೂಕುಗಳ ಮಕ್ಕಳಿಗಾಗಿ ತಾಲ್ಲೂಕಿಗೊಂದು ಈಜುಕೊಳವಾದರೂ ಇರಬೇಕೆಂದು ನಾವು ಕೇಳಿದರೆ ಅದು ಅತಿಯಾಸೆಯಾಗಲಾರದು.

ಕಡಲ ಕಡೆಗೆ ಮಕ್ಕಳನ್ನು ಕರೆದೊಯ್ಯುವುದನ್ನೇ ನಿಲ್ಲಿಸಿದರಾಯಿತು ಎಂದು ಹೇಳುವ ಮಹಾಶಯರೂ ಉಂಟು. ಅವರ ಕಳಕಳಿಯನ್ನು ಗೌರವಿಸುವೆವು. ಅವರ ಮಾತನ್ನು ಒಪ್ಪಲಾರೆವು. ಕಾರವಾರದಿಂದ ಮಂಗಳೂರಿನವರೆಗೆ ಚಾಚಿದ ಆ ಕಡಲು ಕರಾವಳಿಯವರ ಸ್ವತ್ತು ಮಾತ್ರವಲ್ಲ. ಅದು ಬಯಲುಸೀಮೆಯ ಕನ್ನಡಿಗನದೂ ಹೌದು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯು ನಮ್ಮಲ್ಲಿರುವುದು. ಇಷ್ಟು ಉದ್ದದ ಕಡಲನ್ನು ಪಡೆದೂ ಅದರ ತಿಳುವಳಿಕೆಗೆ ಬಡವರಾಗಿ ಉಳಿಯುವುದು ನಾಡಿಗೆ ಭೂಷಣವಲ್ಲ. ಬೇಸಗೆ ರಜದ ಮತ್ತು ಚಳಿಗಾಲದ ಪ್ರವಾಸಗಳು ವರ್ಷವರ್ಷವೂ ಬರುವುವು. ಘಟ್ಟವಿಳಿದು ಹೋದಷ್ಟೇ ಮಕ್ಕಳು ಘಟ್ಟ ಹತ್ತಿ ಮನೆಗೆ ಮರಳುವಂತೆ ಸರ್ಕಾರದವರೂ ಸಾರ್ವಜನಿಕರೂ ಈಗಲೇ ಎಚ್ಚತ್ತು ನಡೆಯುವರೆಂದು ನಂಬಿರುವೆವು.