ವಲಭಿಯವರನ್ನು ಬಿಟ್ಟು ಬೌದ್ಧ ದರ್ಶನವೇ?

ಅಹಮದಾಬಾದಿನ ನಮ್ಮ ಕನ್ನಡ ಓದುಗರ ಗುಂಪಿನಲ್ಲಿ ಈಚೆಗೆ ಬೌದ್ಧ ದರ್ಶನದ ಪರಿಚಯ ನಡೆಯಿತು. ವೈಭಾಷಿಕ, ಸೌತ್ರಾಂತಿಕ, ಯೋಗಾಚಾರ, ಮಾಧ್ಯಮಿಕ ಎಂದು ನಾಲ್ಕು ಹೆಸರು, ಒಂದೊಂದಕ್ಕೆ ಹತ್ತು ನಿಮಿಷ. ಕೊನೆಗೊಂದು ಷರಾ: ಬೌದ್ಧರ ಪ್ರಕಾರ ವ್ಯಕ್ತಿ ಎಂಬುದೇ ಇಲ್ಲ. ಬಿ.ಎ. ತರಗತಿಯಿಂದ ಐಎಎಸ್ ಕೋಚಿಂಗಿನವರೆಗೆ ಇದೇ ಪಾಠ. ನನ್ನ ತಕರಾರು ಈ ಪಾಠದ ಮೇಲೆ.

ಈ ನಾಲ್ಕರ ಲೆಕ್ಕ ನಮಗೆ ಬಂದದ್ದು ಹೆಚ್ಚಾಗಿ ವಿಜಯನಗರದ ಮಾಧವರ ಹೆಸರಿನಲ್ಲಿರುವ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದಿಂದ. ಚಾರ್ವಾಕರ ಪಕ್ಕದಲ್ಲೇ ಬೌದ್ಧರನ್ನು ಕೂರಿಸಿ, ವೇದಾಂತವನ್ನು ತುದಿಯಲ್ಲಿಡುವ ಪುಸ್ತಕ ಅದು. ಟಿಬೆಟಿನವರೂ ಇದೇ ನಾಲ್ಕನ್ನು ಕಲಿಸುತ್ತಾರೆ, ನಿಜ. ಆದರೆ ನಾವು ಕೂತಿರುವುದು ಗುಜರಾತಿನಲ್ಲಿ ಸ್ವಾಮಿ!

7ನೇ ಶತಮಾನದಲ್ಲಿ ಇಲ್ಲಿಗೆ ಬಂದ ಹ್ಯೂಯೆನ್ ತ್ಸಾಂಗ್ ವಲಭಿಯಲ್ಲಿ ಸುಮಾರು 100 ವಿಹಾರ, 6000 ಭಿಕ್ಷುಗಳಿದ್ದರೆಂದು ಬರೆದಿದ್ದಾನೆ. ಅವರಲ್ಲಿ ಹೆಚ್ಚಿನವರು ಸಮ್ಮಿತೀಯರು. ಸೂರತ್ತಿನವರು ಹಜೀರಾದಲ್ಲಿ ಘೋಘಾ ಫೆರ್ರಿ ಹತ್ತಿದರೆ ಆಚೆ ದಡದ ಭಾವನಗರ ಜಿಲ್ಲೆಯಲ್ಲೇ ಆ ಊರಿದೆ, ಈಗಿನ ವಲ್ಲಭೀಪುರ.

ಸಮ್ಮಿತೀಯರೂ ನಿತ್ಯವಾದ ಆತ್ಮವನ್ನು ಒಪ್ಪಲಿಲ್ಲ. ಆದರೆ ‘ಪುದ್ಗಲ’, ಅಂದರೆ ವ್ಯಕ್ತಿ, ಉಂಟು ಎಂದರು. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳೇ ವ್ಯಕ್ತಿ ಎನ್ನಲಾಗದು, ಅವುಗಳಿಂದ ಬೇರೆ ಎನ್ನಲೂ ಆಗದು. ಸೌದೆ ಬಿಟ್ಟು ಬೆಂಕಿಯಿಲ್ಲ. ಹಾಗೆಂದು ಸೌದೆಯೇ ಬೆಂಕಿಯಲ್ಲ. ವ್ಯಕ್ತಿಯೇ ಇಲ್ಲದಿದ್ದರೆ ನಿನ್ನೆಯದನ್ನು ಇಂದು ನೆನೆಯುವವರು ಯಾರು? ಮಾಡಿದ್ದನ್ನು ಉಣ್ಣುವವರು ಯಾರು? ಕರುಣೆ ಯಾರ ಮೇಲೆ? ಇವು ಪೆದ್ದು ಪ್ರಶ್ನೆಗಳಾಗಿದ್ದರೆ ವಸುಬಂಧು ತನ್ನ ‘ಅಭಿಧರ್ಮಕೋಶ’ದ ಕೊನೆಗೆ ಇಡೀ ಒಂದು ಅಧ್ಯಾಯವನ್ನು ಪುದ್ಗಲವಾದದ ಖಂಡನೆಗೇ ಮೀಸಲಿಡುತ್ತಿರಲಿಲ್ಲ. ಆ ವಸುಬಂಧುವಿಗೆ ಟೀಕೆ ಬರೆದ ಸ್ಥಿರಮತಿ ಇದ್ದದ್ದೂ ವಲಭಿಯಲ್ಲೇ. ಮನೆಯೊಳಗಿನ ಜಗಳ ಎಂದರೆ ಇದು.

8ನೇ ಶತಮಾನದ ಶಾಂತರಕ್ಷಿತ ‘ತತ್ತ್ವಸಂಗ್ರಹ’ದಲ್ಲಿ ಪುದ್ಗಲವಾದಿಗಳನ್ನು ತಮ್ಮಷ್ಟಕ್ಕೆ ತಾವೇ ಬೌದ್ಧರೆಂದುಕೊಂಡವರು ಎಂದು ಹಂಗಿಸುತ್ತಾನೆ. ಆ ಗ್ರಂಥ 1926ರಲ್ಲಿ ಅಚ್ಚಾದದ್ದು ವಡೋದರದಲ್ಲಿ, ಗಾಯಕ್ವಾಡ್ಸ್ ಓರಿಯೆಂಟಲ್ ಸೀರೀಸ್‌ನಲ್ಲಿ. ಬೈದವನ ಪುಸ್ತಕ ಎರಡು ಸಂಪುಟಗಳಲ್ಲಿ ಸಿಗುತ್ತದೆ. ಬೈಸಿಕೊಂಡವರದು ಬಹುಪಾಲು ಕಳೆದೇ ಹೋಗಿದೆ. ಚೀನೀ ಅನುವಾದದಲ್ಲಿ ಒಂದು ಶಾಸ್ತ್ರಗ್ರಂಥ ಉಳಿದಿದೆ. ಗ್ರಂಥ ಉಳಿಯದವರನ್ನು ಪಟ್ಟಿಯಿಂದಲೂ ತೆಗೆದುಹಾಕಿ ಅದನ್ನೇ ‘ಪರಿಚಯ’ ಎನ್ನುವುದು ಸೋಮಾರಿತನ.

ಮುಂದಿನ ತಿಂಗಳು ವಡೋದರದ ಗೆಳೆಯರೂ ಇದೇ ವಿಷಯ ಇಟ್ಟುಕೊಂಡಿದ್ದಾರಂತೆ. ಉಳಿದ ನಾಲ್ವರಿಂದ ಎರಡೆರಡು ನಿಮಿಷ ಕಿತ್ತುಕೊಂಡಾದರೂ ಸರಿ, ವಲಭಿಯವರಿಗೆ ಎಂಟು ನಿಮಿಷ ಕೊಡಿ.