ಅನುಮತಿ ಕೇಳದ ಕಾರ್ಯಾಚರಣೆ: ಬೀದರ್ ನೆಲದ ಪಾಠ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಬೀದರ್, ಭಾಲ್ಕಿ, ಔರಾದಗಳಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರುತ್ತದೆ. 1948ರ ಅದೇ ದಿನ ಹೈದರಾಬಾದಿನ ನಿಜಾಮರು ಕದನ ನಿಲ್ಲಿಸಿದರು. ಅನ್ಯರ ಒಪ್ಪಿಗೆಯಿಲ್ಲದೆ ಒಂದು ದೇಶ ಮುಂದಾಗಿ ಸೇನೆ ಕಳುಹಿಸಬಹುದೇ ಎಂಬ ಇಂದಿನ ಜಾಗತಿಕ ಚರ್ಚೆಗೆ ನಮ್ಮ ಜಿಲ್ಲೆಯೇ ಒಂದು ಉದಾಹರಣೆ.

1947ರ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡವು. ಅದು ಬಹುಬೇಗ ಹದಗೆಟ್ಟಿತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತು. ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದ ಹತ್ಯಾಕಾಂಡವನ್ನು ಈ ಭಾಗದ ಹಿರಿಯರು ಮರೆತಿಲ್ಲ. ಇತ್ತ ಭಾರತ ಆರ್ಥಿಕ ದಿಗ್ಬಂಧನ ಹಾಕಿದೆ ಎಂಬುದು ಹೈದರಾಬಾದಿನ ದೂರು. ಆಗಸ್ಟ್‌ನಲ್ಲಿ ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೊರೆ ಹೋಯಿತು. ಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ರಂದು. ಅಷ್ಟರಲ್ಲಿ ಭಾರತದ ಸೇನೆ 13ರಂದೇ ಗಡಿ ದಾಟಿತ್ತು.

ಭಾರತದ ವಾದ ಸರಳವಾಗಿತ್ತು: ಹೈದರಾಬಾದ್ ಸ್ವತಂತ್ರ ರಾಷ್ಟ್ರವಲ್ಲ, ಇದು ಆಂತರಿಕ ವಿಷಯ. ಆದ್ದರಿಂದಲೇ ಅದನ್ನು ಯುದ್ಧ ಎನ್ನದೆ ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ದೂರು ಹಿಂಪಡೆದರು.

ಎರಡು ರಾಷ್ಟ್ರಗಳ ನಡುವೆ ಈ ವಾದ ನಡೆಯದು. ಅಲ್ಲಿ ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಅನ್ವಯಿಸುತ್ತದೆ. ಸಶಸ್ತ್ರ ದಾಳಿ ನಡೆದರೆ ಆತ್ಮರಕ್ಷಣೆಗೆ ಮುಂಚಿತ ಅನುಮತಿ ಬೇಕಿಲ್ಲ. ಕೈಗೊಂಡ ಕ್ರಮವನ್ನು ಮಂಡಳಿಗೆ ಕೂಡಲೇ ತಿಳಿಸಬೇಕು. ದಾಳಿ ಆಗುವ ಮೊದಲೇ ಹೊಡೆಯುವುದರ ಬಗ್ಗೆ ಒಮ್ಮತವಿಲ್ಲ. 1981ರಲ್ಲಿ ಇರಾಕಿನ ಪರಮಾಣು ಸ್ಥಾವರದ ಮೇಲೆ ಬಾಂಬ್ ಹಾಕಿದ ಇಸ್ರೇಲನ್ನು ಮಂಡಳಿ ಖಂಡಿಸಿತು.

ಶ್ರಾವಕರಿಗೆ ಈ ವಿವೇಚನೆ ಹೊಸದಲ್ಲ. ಸಂಕಲ್ಪೀ ಹಿಂಸೆ ಗೃಹಸ್ಥನಿಗೂ ವರ್ಜ್ಯ; ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆ ಅನಿವಾರ್ಯವೆಂದು ಸಹಿಸಲ್ಪಟ್ಟಿದೆ. ಆದರೆ ಶಂಕೆಯನ್ನೇ ಆಕ್ರಮಣವೆಂದು ಬಗೆದರೆ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಆ ಗೆರೆಯನ್ನು ಹೊಡೆಯುವವನೇ ಎಳೆಯಬಾರದು ಎಂಬುದಕ್ಕಾಗಿಯೇ ಹೊರಗಿನ ಪರಿಶೀಲನೆ ಬೇಕು.

ಬೀದರ್ ಕಲಿಸುವ ಇನ್ನೊಂದು ಮಾತಿದೆ. ಕಾರ್ಯಾಚರಣೆಯ ನಂತರ ನಡೆದ ಪ್ರತೀಕಾರದಲ್ಲಿ ಅಮಾಯಕ ಮುಸ್ಲಿಮರು ಪ್ರಾಣ ತೆತ್ತರು. ಸರ್ಕಾರವೇ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ತಂಡ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಗೋರಟಾದ ನೋವೂ ನಿಜ, ಈ ನೋವೂ ನಿಜ.

ವಿಮೋಚನೆ ಬೇಕಿತ್ತು, ಅದರಲ್ಲಿ ಸಂಶಯವಿಲ್ಲ. ತುರ್ತಿನಲ್ಲಿ ಅನುಮತಿಗೆ ಕಾಯಲಾಗದಿರಬಹುದು. ಆದರೆ ನಂತರ ಲೆಕ್ಕ ಒಪ್ಪಿಸುವ ಹೊಣೆಯಿಂದ ಯಾವ ದೇಶಕ್ಕೂ ವಿನಾಯಿತಿ ಇರಕೂಡದು.