ಕಲ್ಮರದ ಬೇಟೆ

ಲಾಂಗ್ ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಅರ್ಧ ಆಫೀಸು ಪಾಂಡಿಚೇರಿಯಲ್ಲಿರುತ್ತೆ. ಬೀಚು, ಕೆಫೆ, ಹಳದಿ ಗೋಡೆ ಮುಂದೆ ಫೋಟೊ. ಮುಂದಿನ ಸಲ ಹೋದಾಗ ಒಂದು ದಿನ ಎತ್ತಿಟ್ಟು, ಅಲ್ಲಿಂದ ಸುಮಾರು 30 ಕಿ.ಮೀ. ದೂರದ ತಿರುವಕ್ಕರೈಗೆ ಹೋಗಿಬನ್ನಿ. ಹುಣ್ಣಿಮೆ ದಿನ ಬೇಡ, ಅವತ್ತು ವಕ್ರಕಾಳಿ ಅಮ್ಮನ ಗುಡಿಗೆ ಜನವೋ ಜನ.

ಊರಾಚೆಯ ಕೆಮ್ಮಣ್ಣಿನಲ್ಲಿ ದಿಮ್ಮಿಗಳು ಬಿದ್ದಿವೆ, ಯಾರೋ ನಿನ್ನೆ ಕಡಿದು ಬಿಟ್ಟುಹೋದ ಹಾಗೆ. ಗಂಟು, ಎಳೆ ಎಲ್ಲ ಕಾಣುತ್ತೆ. ಮುಟ್ಟಿದರೆ ಕಲ್ಲು! ವಯಸ್ಸು ಸುಮಾರು 2 ಕೋಟಿ ವರ್ಷ. ಇವುಗಳಲ್ಲಿ ನಮ್ಮ ಹುಣಸೆಮರದ ನೆಂಟರೂ ಇದ್ದಾರೆ.

ಕಾವಲಿನ ತಾತನಿಗೆ ಕನ್ನಡ ಬರಲ್ಲ, ನನ್ನ ತಮಿಳು ಅಷ್ಟಕ್ಕಷ್ಟೆ. ಅವರು ‘ಕಲ್ ಮರಂ’ ಅಂದಾಗ ಅನುವಾದವೇ ಬೇಕಾಗಲಿಲ್ಲ.

ಮರಳಿನಡಿ ಹೂತ ಮರಕ್ಕೆ ಗಾಳಿ ತಾಗದಿದ್ದರೆ ಅದು ಬೇಗ ಕೊಳೆಯಲ್ಲ. ನೆಲದ ನೀರಿನಲ್ಲಿ ಕರಗಿದ ಸಿಲಿಕಾ ನಿಧಾನಕ್ಕೆ ಒಳಗಿಳಿದು, ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತೆ. ಮರ ಹೋಗಿ ಮರದ ಅಚ್ಚು ಉಳಿಯುತ್ತೆ. ಆದರೆ ನನಗೆ ವಿಚಿತ್ರ ಅನಿಸಿದ್ದು ಬೇರೆ. ಇಷ್ಟೊಂದು ಕಾಂಡಗಳಲ್ಲಿ ಬೇರಿಲ್ಲ, ಕೊಂಬೆಯಿಲ್ಲ, ಎಲೆಯಂತೂ ಇಲ್ಲವೇ ಇಲ್ಲ. ಅಂದರೆ ಇವು ಇಲ್ಲಿ ಬೆಳೆದವಲ್ಲ. ಯಾವುದೋ ಪ್ರವಾಹ ಕೊಚ್ಚಿ ತಂದು ಹಾಕಿದ್ದು ಅನ್ನೋದು ಭೂವಿಜ್ಞಾನಿಗಳ ಲೆಕ್ಕ. ನಾವು ನೋಡ್ತಿರೋದು ಕಾಡನ್ನಲ್ಲ, ಕಾಡು ಕಳೆದುಕೊಂಡಿದ್ದನ್ನ.

ನಿಜವಾದ ಬೇಟೆ ಇರೋದು ದೊಡ್ಡ ದಿಮ್ಮಿಗಳ ಹತ್ತಿರ ಅಲ್ಲ, ಕಾಲಡಿಯ ಕಲ್ಲುಚೂರುಗಳಲ್ಲಿ. ಬಗ್ಗಿ ನೋಡಬೇಕು. ಮಾಮೂಲಿ ಬೆಣಚುಕಲ್ಲು ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಕಲ್ಮರದ ಚೂರಿಗೆ ಉದ್ದಕ್ಕೂ ಎಳೆ ಇರುತ್ತೆ, ಒಲೆಗೆ ಸೀಳಿದ ಸೌದೆಯಂತೆ. ಒಂದು ಸಲ ಕಣ್ಣು ಪಳಗಿತೋ, ಆಮೇಲೆ ಎಲ್ಲೆಲ್ಲೂ ಅದೇ.

ಜೊತೆಗೆ ಬಂದಿದ್ದ ಗೆಳತಿಯ ಮಗಳು, ಏಳು ವರ್ಷದವಳು, ಅಂಥದ್ದೊಂದನ್ನು ಮೊದಲು ಗುರುತಿಸಿದಳು. ‘ಇಷ್ಟೊಂದಿದೆ, ಒಂದು ತಗೊಂಡ್ರೆ ಏನಾಗುತ್ತೆ?’ ಅಂತ ಅವಳಪ್ಪ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ನಾನು ಹೇಳಬಹುದಿತ್ತು. ಬದಲಿಗೆ, ಈ ಚೂರು ಯಾವ ಮಣ್ಣಿನಲ್ಲಿತ್ತು, ಯಾವ ದಿಮ್ಮಿಯ ಪಕ್ಕದಲ್ಲಿತ್ತು ಅನ್ನೋದೇ ಅದರ ಅರ್ಧ ಕಥೆ, ಮನೆಯ ಶೋಕೇಸಿನಲ್ಲಿ ಅದು ಬರೀ ಕಲ್ಲು ಅಂದೆ. ಅಪ್ಪನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಮಗಳು ಮಾತ್ರ ಮಣ್ಣಿನಲ್ಲಿ ಉಳಿದಿದ್ದ ಕುಳಿ ಹುಡುಕಿ, ಚೂರನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದಳು: ‘ಆಂಟಿ, ಇದು ಯಾವ ಕಡೆ ಮುಖ ಮಾಡಿತ್ತು?’